ಉಲ್ಲಾಳದ ಹನುಮಂತಯ್ಯನವರು ಮ್ಯಾನೇಜರನ್ನು ಇಟ್ಟುಕೊಂಡದ್ದು

ಒಂದಾನೊಂದು ಊರಿನಲ್ಲಿ ಒಬ್ಬ ರಾಕ್ಷಸನಿದ್ದ. ಕಡಿದರೆ ಸಾಯುವವನಲ್ಲ, ಕುದಿಸಿದರೆ ಬೇಯುವವನಲ್ಲ. ಏಕೆಂದರೆ ಅವನ ಜೀವ ಅವನ ಮೈಯಲ್ಲೇ ಇರಲಿಲ್ಲ. ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಪಂಜರದಲ್ಲಿದ್ದ ಒಂದು ಗಿಣಿಯ ಹೊಟ್ಟೆಯಲ್ಲಿತ್ತು. ಕಥೆ ಹೇಳುವ ಅಜ್ಜಿಯರೆಲ್ಲ ಇಲ್ಲಿಗೆ ಬಂದಾಗ ಒಂದು ಗಳಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತಾರೆ. ಆಮೇಲೆ ರಾಜಕುಮಾರ ಬರುತ್ತಾನೆ, ಗಿಣಿಯ ಕತ್ತು ಹಿಚುಕುತ್ತಾನೆ, ಮೊಮ್ಮಕ್ಕಳು ಮಲಗುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾವ ಅಜ್ಜಿಯೂ ಎತ್ತಲಿಲ್ಲ, ಯಾವ ಮೊಮ್ಮಗುವೂ ಕೇಳಲಿಲ್ಲ: ಆ ಪಂಜರದ ಬೀಗ ತೆಗೆಯುವ ಬಗೆ ಸ್ವತಃ ರಾಕ್ಷಸನಿಗೇ ತಿಳಿಯದೆ ಹೋದರೆ?

ಇದಕ್ಕೆ ಉತ್ತರ ದೊರೆತದ್ದು ಎರಡು ಸಾವಿರದ ಎಂಟನೆಯ ಇಸವಿಯ ಒಂದು ಭಾನುವಾರ, ಕೆಂಗೇರಿ ಪಕ್ಕದ ಉಲ್ಲಾಳದಲ್ಲಿ, ಹನುಮಂತಯ್ಯನವರ ನಡುಮನೆಯಲ್ಲಿ.

ಹನುಮಂತಯ್ಯನವರು ರಾಕ್ಷಸರಲ್ಲ. ಕೆಂಗೇರಿಯ ಒಂದು ಸೋಪಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು. ಅವರು ಬೀದಿಯಲ್ಲಿ ನಡೆದರೆ ಕೊರಳಗಂಟೆಯ ಎತ್ತು ಬಂತೇನೋ ಎಂದು ಹಳೆಯ ಊರಿನ ಮುದುಕರು ತಿರುಗಿ ನೋಡುತ್ತಿದ್ದರು. ಇಷ್ಟೆಲ್ಲ ಬೀಗಗಳ ಒಡೆಯನಾದರೂ ಅವರ ಎದೆಯಲ್ಲೊಂದು ಮುಳ್ಳಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅವರು ಯಾರಾದರೊಬ್ಬ ಮ್ಯಾನೇಜರನ ಕೈಕೆಳಗೇ ಇದ್ದರು. ಮ್ಯಾನೇಜರರು ಬಂದರು, ಬೈದರು, ಹೋದರು. ಕೆಳಗಿದ್ದವರು ಕೆಳಗೇ ಉಳಿದರು.

ಹೀಗಿರುವಾಗ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ತಮ್ಮಣ್ಣ ಒಂದು ದಿನ ಊಟದ ಹೊತ್ತಿನಲ್ಲಿ ಅವರ ಗುಟ್ಟನ್ನು ಹೊರಗೆಳೆದ. ಮೇಲ್‌ಗೂ, ಬ್ಯಾಂಕಿಗೂ, ಮಗಳು ಅನುವಿನ ಪರೀಕ್ಷೆಯ ಅರ್ಜಿಗೂ ಹನುಮಂತಯ್ಯನವರು ಇಟ್ಟಿದ್ದದ್ದು ಒಂದೇ ಪಾಸ್‌ವರ್ಡ್.

"ಏನ್ ಸಾರ್ ಇದು!" ಎಂದ ತಮ್ಮಣ್ಣ, ಮುದ್ದೆ ಮುರಿಯುವುದನ್ನು ನಿಲ್ಲಿಸಿ. "ಸ್ಟೋರ್ ಕೀಪರ್ ಆಗಿ ಎಲ್ಲಾ ಬೀಗಕ್ಕೂ ಒಂದೇ ಕೀ ಇಟ್ಟಿದೀರಲ್ಲ! ಒಂದು ಪಾಸ್‌ವರ್ಡ್ ಮ್ಯಾನೇಜರ್ ಇಟ್ಕೊಳ್ಳಿ. ಎಲ್ಲಾ ಕೀಗಳೂ ಅದರ ಹತ್ರ ಇರ್ತವೆ. ನೀವು ಅದಕ್ಕೊಂದು ಮಾಸ್ಟರ್ ಪಾಸ್‌ವರ್ಡ್ ಕೊಟ್ರೆ ಮುಗೀತು. ನೀವು ಹೇಳಿದಂಗೆ ಕೇಳತ್ತೆ."

"ಮ್ಯಾನೇಜರ್ರು... ನಾನು ಹೇಳಿದಂಗೆ ಕೇಳ್ತಾನಾ?"

"ನೀವೇ ಮಾಸ್ಟರ್ರು ಸಾರ್!"

ಆ ಮಧ್ಯಾಹ್ನ ಹನುಮಂತಯ್ಯನವರಿಗೆ ಸಾರಿನ ರುಚಿ ತಿಳಿಯಲಿಲ್ಲ.

ತಮ್ಮಣ್ಣ ಕೊಟ್ಟ ಸೀಡಿಯನ್ನು ಅವರು ಅದರ ಮುಂದಿನ ಭಾನುವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಕಂಪ್ಯೂಟರಿಗೆ ಹಾಕಿದರು. ಅನು ಗೆಳತಿಯ ಮನೆಗೆ ಓದಲು ಹೋಗಿದ್ದಳು. ಪಕ್ಕದಲ್ಲಿ ಹೆಂಡತಿ ಬೋರಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮಾಸ್ಟರ್ ಪಾಸ್‌ವರ್ಡ್ ಹೊಡೆಯಿರಿ ಎಂದು ಕಂಪ್ಯೂಟರ್ ಕೇಳಿದ್ದೇ ತಡ, ಮೇಲಿನ ಮನೆಯ ಬಾಡಿಗೆದಾರರು, ಗದಗಿನ ಕಡೆಯ ದಾನಮ್ಮ, ಕೂಗಿಕೊಂಡರು. "ಯಜಮಾನ್ರಽ! ಟ್ಯಾಂಕ್ ತುಂಬಿ ನೀರು ಹರ್ಯಾಕತ್ತೈತಿ, ಲಗೂನ ಬರ್ರಿ!"

ಹನುಮಂತಯ್ಯನವರು ತಾರಸಿಗೆ ಓಡಿದರು. ಟ್ಯಾಂಕಿನ ವಾಲ್ವು ತಿರುಗಿಸುತ್ತಲೇ ಕೆಳಕ್ಕೆ ಕೂಗಿ ಹೇಳಿದರು. "ಬೋರಾ! ಮಾಸ್ಟರ್ ಅಂತ ಕೇಳ್ತೈತಲ್ಲ, ಅಲ್ಲಿ ನನ್ನ ಹೆಸರು ಹೊಡಿ! ಕೆಂಪು ಗೆರೆ ಹಸುರಾಗ್ಬೇಕು ನೋಡು!"

ಬೋರಮ್ಮ ಎಸ್ಸೆಸ್ಸೆಲ್ಸಿ ಓದಿದವರು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳು ಎಲ್ಲೆಲ್ಲಿವೆ ಎಂದು ಮಗಳಿಂದ ಕಲಿತಿದ್ದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ "ಇಗೋ ಇವ್ರೇಏಏಏ!" ಎಂದು ಕರೆದರು. "ಬಂದೇ!" ಎಂದರು ಇವರು. ಮತ್ತೆ ಕರೆದರು. ಮತ್ತೆ "ಬಂದೇ" ಎಂದರು. ಕೈ ಒರೆಸಿಕೊಂಡು ಕೆಳಗಿಳಿದು ನೋಡಿದರೆ ಪರದೆಯ ಮೇಲೆ ಸಾಲಾಗಿ ಕಪ್ಪು ಚುಕ್ಕಿಗಳು, ಅದರ ಕೆಳಗೆ ಗದ್ದೆಯ ಬದುವಿನಂಥ ಹಸಿರು ಗೆರೆ.

"ಹೊಡ್ದೇನು?"

"ಹೂಂ. ಎರಡು ಸಲ ಕೇಳ್ತು. ಎರಡು ಸಲಾನೂ ಹೊಡ್ದೆ," ಎಂದು ಬೋರಮ್ಮ ಅವರೆಕಾಯಿಗೆ ಮರಳಿದರು.

ಹನುಮಂತಯ್ಯನವರು ಅಂದೇ ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿದರು. ಮ್ಯಾನೇಜರು ತಾನೇ ಹುಟ್ಟಿಸಿಕೊಟ್ಟ ಒಂದೊಂದು ಪಾಸ್‌ವರ್ಡೂ ಕೋಳಿ ಕೆದರಿದ ರಂಗೋಲಿಯಂತಿತ್ತು. ಮನುಷ್ಯನಾದವನು ಅದನ್ನು ಓದಲಾರ, ನೆನಪಿಡಲಾರ. ಇದಕ್ಕಿಂತ ಭದ್ರತೆ ಬೇಕೆ? ಕಂಪ್ಯೂಟರ್ ಮುಚ್ಚಿ ಬಟ್ಟೆ ಹೊದಿಸಿದರು.

ಸೋಮವಾರ ಬಸ್ ಸ್ಟಾಪಿನಲ್ಲಿ ಬಡಾವಣೆ ಸಂಘದ ಅಧ್ಯಕ್ಷ ನಾರಾಯಣಪ್ಪನವರು ಸಿಕ್ಕರು. ಹನುಮಂತಯ್ಯನವರು ಆಕಾಶ ನೋಡುತ್ತ, ಅಷ್ಟೇನೂ ಮುಖ್ಯವಲ್ಲದ ಸಂಗತಿ ಎಂಬಂತೆ ಹೇಳಿದರು.

"ಮನೇಲಿ ಒಬ್ಬ ಮ್ಯಾನೇಜರ್ನ ಇಟ್ಕೊಂಡೆ ಕಣಪ್ಪಾ."

"ಮ್ಯಾನೇಜರ್ರಾ? ನೀನಾ?"

"ಹೂಂ ಮತ್ತೆ. ಎಲ್ಲಾ ಕೀನೂ ಅವ್ನ ಹತ್ರಾನೇ. ಬ್ಯಾಂಕು, ಗೀಂಕು, ಎಲ್ಲಾ ಅವ್ನೇ ನೋಡ್ಕೊತಾನೆ."

ಬಸ್ಸು ಬಂತು. ಹನುಮಂತಯ್ಯನವರು ಹತ್ತಿಕೊಂಡು ಹೋದರು. ಮಾತು ಮಾತ್ರ ಸ್ಟಾಪಿನಲ್ಲೇ ಇಳಿದು, ನಡೆದುಕೊಂಡು ಊರೊಳಗೆ ಹೋಯಿತು. ಮಂಗಳವಾರ ಹಾಲಿನ ಬೂತಿನಲ್ಲಿ ಅದು ಸೂಟು ಹಾಕಿತ್ತು. ಗುರುವಾರ ಹಿಟ್ಟಿನ ಗಿರಣಿಯಲ್ಲಿ ಅದಕ್ಕೆ ಬಾಂಬೆಯಿಂದ ಬಂದ ಕಳೆ. ಶನಿವಾರ ಅವರ ತಮ್ಮನಿದ್ದ ಬ್ಯಾಡರಹಳ್ಳಿ ಮುಟ್ಟುವ ಹೊತ್ತಿಗೆ ಹನುಮಂತಯ್ಯ ಅಪ್ಪನ ಹೊಲವನ್ನು ಕದ್ದು ಮಾರಿ, ವ್ಯವಹಾರ ನೋಡಿಕೊಳ್ಳಲು ಹೊರಗಿನವನೊಬ್ಬನನ್ನು ಮನೆಯಲ್ಲೇ ಇರಿಸಿಕೊಂಡಿದ್ದರು.

ಇದೊಂದೂ ಅರಿಯದ ಹನುಮಂತಯ್ಯನವರ ಮುಂದೆ ಭಾನುವಾರ ಮಧ್ಯಾಹ್ನ ಅನು ಬಂದು ನಿಂತಳು. ಆ ಮನೆಯ ಕೊನೆಯ ರಾಗಿ ಹೊಲ ಲೇಔಟಾದ ವರ್ಷ ಹುಟ್ಟಿದ ಹುಡುಗಿ ಅವಳು. ಈಗ ಅದೇನು ಛಲವೋ, ಬೇಸಾಯವನ್ನೇ ಓದುತ್ತೇನೆ ಎಂದು ಹೊರಟಿದ್ದಳು. ಅದರ ಪ್ರವೇಶ ಪರೀಕ್ಷೆಗೆಂದು ವರ್ಷವೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂತಿದ್ದಳು.

"ಅಪ್ಪಾ, ನಾಳೆ ಎಕ್ಸಾಮು. ಹಾಲ್ ಟಿಕೆಟ್ ಇವತ್ತು ಸಾಯಂಕಾಲ ಆರು ಗಂಟೆ ತನಕ ಮಾತ್ರ ಸಿಗೋದು. ಪಾಸ್‌ವರ್ಡ್ ಚೇಂಜ್ ಮಾಡಿದೀಯಲ್ಲ, ತೆಕ್ಕೊಡು."

"ನೀನ್ ಹೋಗಿ ಊಟ ಮಾಡವ್ವಾ. ನಾನು ಮಾತು ಕೊಟ್ಟೆ ಅನ್ಕೋ. ನಿನ್ನ ಹಾಲ್ ಟಿಕೆಟ್ ತಂದು ನಿನ್ನ ಕೈಗೇ ಇಡ್ತೀನಿ. ಮ್ಯಾನೇಜರ್ ಇರೋದ್ಯಾಕೆ?"

ಹೀಗೆಂದು ಬಟ್ಟೆ ಸರಿಸಿ, ಮ್ಯಾನೇಜರನ್ನು ಎಬ್ಬಿಸಿ, ಮಾಸ್ಟರ್ ಪಾಸ್‌ವರ್ಡಿನ ಜಾಗದಲ್ಲಿ ತಮ್ಮ ಹೆಸರನ್ನು ಗಂಭೀರವಾಗಿ ಹೊಡೆದರು.

ತಪ್ಪು ಎಂದಿತು ಕಂಪ್ಯೂಟರ್.

ಮತ್ತೆ ಹೊಡೆದರು. ಮತ್ತೆ ತಪ್ಪು. ಸ್ವಂತ ಹೆಸರೇ ತಪ್ಪು ಎನ್ನಿಸಿಕೊಂಡ ಮನುಷ್ಯನ ಮುಖ ಹೇಗಾಗಬೇಕೋ ಹಾಗಾಯಿತು. ಅನು ಬೇರೆ ದಾರಿ ಹಿಡಿದಳು. 'ಪಾಸ್‌ವರ್ಡ್ ಮರೆತಿರಾ?' ಎಂಬುದನ್ನು ಒತ್ತಿದರೆ 'ನಿಮ್ಮ ಮೇಲ್‌ಗೆ ಕಳಿಸಿದ್ದೇವೆ, ನೋಡಿಕೊಳ್ಳಿ' ಎಂದಿತು ಪರೀಕ್ಷೆಯ ಜಾಲತಾಣ. ಮೇಲ್‌ನ ಪಾಸ್‌ವರ್ಡೂ ಮ್ಯಾನೇಜರನ ಹೊಟ್ಟೆಯಲ್ಲೇ ಇತ್ತು. ತಮ್ಮಣ್ಣನಿಗೆ ಫೋನ್ ಮಾಡಿದರೆ, "ಮಾಸ್ಟರ್ ಹೋಯ್ತು ಅಂದ್ರೆ ಬ್ರಹ್ಮ ಬಂದ್ರೂ ತೆಗ್ಯಕ್ಕಾಗಲ್ಲ ಸಾರ್, ಅಷ್ಟು ಸೇಫು!" ಎಂದು ಹೆಮ್ಮೆಯಿಂದ ಹೇಳಿದ.

ಉಳಿದವರು ಬೋರಮ್ಮ. ಅವರು ಬೆಳಿಗ್ಗೆಯೇ ಬಸವೇಶ್ವರನಗರಕ್ಕೆ ತಂಗಿಯ ಮಗಳ ಸೀಮಂತಕ್ಕೆ ಹೋಗಿದ್ದರು. ಫೋನ್ ಎತ್ತಿದಾಗ ವಾಪಸು ಬರುವ ಬಸ್ಸಿನಲ್ಲಿದ್ದರು.

"ಬೋರಾ, ಅವತ್ತು ಕಂಪ್ಯೂಟರಲ್ಲಿ ಏನ್ ಹೊಡ್ದೆ?"

"ನೀವ್ ಹೇಳಿದ್ದೇ ಹೊಡ್ದೆ. ನಿಮ್ಮೆಸ್ರು."

"ಅದೇ, ಸ್ಪೆಲ್ಲಿಂಗ್ ಹೇಳು."

"ಅಯ್ಯೋ! ಬಸ್ ತುಂಬಾ ಜನ ಅವ್ರೆ, ಹೆಂಗ್ ಹೇಳ್ಲಿ? ನಂಗ್ ನಾಚ್ಕೆ ಆಯ್ತದೆ, ಇಡಿ ಫೋನು!"

ಇಟ್ಟೇಬಿಟ್ಟರು. ಇದರಲ್ಲಿ ಆಶ್ಚರ್ಯವೇನಿಲ್ಲ. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ಅಕ್ಕಿಯ ಸೇರಿಟ್ಟು, ಅಡ್ಡ ನಿಂತ ಹೆಂಗಸರು "ಗಂಡನ ಹೆಸರು ಹೇಳು, ಒಳಗೆ ಬಿಡ್ತೀವಿ" ಎಂದಾಗಲೂ ಬೋರಮ್ಮ ತುಟಿ ಬಿಚ್ಚಿರಲಿಲ್ಲ. ಆರತಿಯ ದೀಪ ಆರಿತು, ಕೋಳಿಗಳು ಗೂಡು ಸೇರಿದವು. ಕೊನೆಗೆ ಅತ್ತೆಯೇ ಸೋತು, "ಬಾರವ್ವ, ನೀನ್ ಗೆದ್ದೆ. ನಮಗೆ ಹಸಿವಾಯ್ತದೆ" ಎಂದು ಒಳಗೆ ಕರೆದುಕೊಂಡಿದ್ದರು.

ಅಷ್ಟರಲ್ಲಿ ಗೇಟು ಧಡಾರೆಂದಿತು. ಬ್ಯಾಡರಹಳ್ಳಿಯಿಂದ ತಮ್ಮ ಮುನಿವೆಂಕಟಪ್ಪ ಬಂದಿದ್ದ.

"ಎಲ್ಲಣ್ಣಾ ಅವ್ನು?"

"ಯಾರು?"

"ನಿನ್ ಮ್ಯಾನೇಜರ್ರು! ಒಡಹುಟ್ಟಿದ ನಾನು ಬದುಕಿರುವಾಗ ಯಾವನೋ ದಾರಿಹೋಕನ ಕೈಗೆ ಬೀಗದ ಕೈ ಕೊಟ್ಟಿದೀಯ!"

"ಮುನೀ, ನಂಗೆ ಮೊದ್ಲೇ ತಲೆ ಕೆಟ್ಟಿದೆ. ಅವ್ನು ಬಾಯೇ ಬಿಡ್ತಿಲ್ಲ ಕಣೋ. ಎಲ್ಲಾ ಒಳಗೆ ಇಟ್ಕೊಂಡು ಕೂತಿದಾನೆ. ಅನು ಹಾಲ್ ಟಿಕೆಟ್ಟೂ ಅವ್ನ ಹತ್ರಾನೇ ಇದೆ. ಆರು ಗಂಟೆ ಒಳಗೆ ಬಾಯಿ ಬಿಡಿಸ್ಲಿಲ್ಲ ಅಂದ್ರೆ ಮಗೀಗೆ ಒಂದು ವರ್ಷ ಮಣ್ಣಾಯ್ತದೆ!"

ಇಷ್ಟನ್ನೂ ಮೆಟ್ಟಿಲ ಮೇಲೆ ಹಪ್ಪಳ ಒಣಗಿಸುತ್ತಿದ್ದ ದಾನಮ್ಮ ಕೇಳಿಸಿಕೊಂಡರು. ಕೇಳಿಸಿಕೊಂಡದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಕಾಂಪೌಂಡಿನ ಆಚೆಗೆ ಬಗ್ಗಿ, "ಯವ್ವಾ ಕೇಳ್ರೀ! ಮ್ಯಾನೇಜರ್‌ನ ಒಳಗ ಕೂಡಿ ಹಾಕ್ಯಾರಂತ! ಬಾಯಿ ಬಿಡಸ್ತಾರಂತ!" ಎಂದರು. ಬೀದಿಗೆ ಇಷ್ಟು ಸಾಕು.

ಗಡಿಯಾರ ಐದು ದಾಟುವಷ್ಟರಲ್ಲಿ ನಾರಾಯಣಪ್ಪನವರು ಬೀಟಿನ ಪೊಲೀಸ್ ರೇವಣಸಿದ್ದಪ್ಪನವರನ್ನು ಕರೆದುಕೊಂಡೇ ಬಂದರು. ಹಿಂದೆ ಅರ್ಧ ಬಡಾವಣೆ. ರೇವಣಸಿದ್ದಪ್ಪನವರು ಲಾಠಿಯನ್ನು ಕಂಕುಳಲ್ಲಿಟ್ಟು ವಿಚಾರಣೆ ಆರಂಭಿಸಿದರು.

"ಮನೇಲಿ ಹೊಸ ಮನುಷ್ಯ ಇದಾನಂತೆ. ಸ್ಟೇಷನ್ನಿಗೆ ಫೋಟೊ ಕೊಟ್ಟಿಲ್ಲ?"

"ಮನುಷ್ಯ ಅಲ್ಲ ಸಾರ್, ಮ್ಯಾನೇಜರು."

"ಮ್ಯಾನೇಜರ್ ಮನುಷ್ಯ ಅಲ್ವೇನ್ರೀ?"

ಹನುಮಂತಯ್ಯನವರು ಕಾರ್ಖಾನೆಯ ನೆನಪಾಗಿ, ಅಲ್ಲವೆಂದು ತಲೆಯಾಡಿಸಿದರು.

"ಎಲ್ಲಿಂದ ಬಂದ?"

"ಸೀಡಿಯಿಂದ ಸಾರ್."

"ಸೀಡಿ? ಯಾವ ತಾಲೂಕು?"

"ನಮ್ ಫ್ಯಾಕ್ಟರಿ ತಮ್ಮಣ್ಣ ಕೊಟ್ಟಿದ್ದು."

"ಕೊಡಕ್ಕೆ ಅವ್ನೇನು ಕುರಿಮರೀನಾ? ಸಂಬಳ ಎಷ್ಟು ಕೊಡ್ತೀರಿ?"

"ಬಿಟ್ಟಿ ಸಾರ್. ಏನೂ ಕೊಡಂಗಿಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಜೀತ!" ಎಂದರು ನಾರಾಯಣಪ್ಪನವರು, ಎದೆಯ ಮೇಲೆ ಕೈಯಿಟ್ಟು. "ನಮ್ಮ ಬಡಾವಣೇಲಿ ಜೀತ!"

"ಊಟಕ್ಕಾದ್ರೂ ಕೊಟ್ಟಿದೀರಾ?"

"ಹೋದ ಭಾನುವಾರ ಮುಚ್ಚಿದ್ದು ಸಾರ್. ಇವತ್ತೇ ಬಟ್ಟೆ ತೆಗೆದಿದ್ದು."

"ಅಯ್ಯ ನಮ್ಮವ್ವ, ಅರಬಿ ಬ್ಯಾರೆ ಬಿಚ್ಚ್ಯಾರ!" ಎಂದು ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ರೇವಣಸಿದ್ದಪ್ಪನವರು ಲಾಠಿಯನ್ನು ಕಂಕುಳಿನಿಂದ ಕೈಗೆ ತಂದುಕೊಂಡರು. "ಎಲ್ಲಿದಾನೆ? ತೋರ್ಸಿ."

ಹನುಮಂತಯ್ಯನವರು ನಡುಮನೆಯ ಮೂಲೆಗೆ ಕೈ ತೋರಿಸಿದರು. ಅಲ್ಲಿ ಅನು ಕಣ್ಣು ತುಂಬಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಅಂಗೈಯಗಲದ ಒಂದು ಚೌಕ, ಅದರಲ್ಲಿ ಮಿಟುಕುವ ಒಂದು ಗೆರೆ.

"ಇದಾ?"

"ಇದೇ ಸಾರ್."

ಬಯಲಾಟಕ್ಕೆಂದು ಚಾಪೆ ಹೊತ್ತು ಬಂದವರಿಗೆ ಹರಿಕಥೆ ಎಂದರೆ ಆಗುವ ನಿರಾಶೆ ಎಲ್ಲರ ಮುಖದಲ್ಲೂ ಕಾಣಿಸಿಕೊಂಡಿತು. ನಾರಾಯಣಪ್ಪನವರು ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದರು. ಅಲ್ಲೂ ಯಾರೂ ಇರಲಿಲ್ಲ. ಮುನಿವೆಂಕಟಪ್ಪ ಮಾತ್ರ, "ಹಂಗಾದ್ರೆ ಜಾಗ ಇನ್ನೂ ಖಾಲಿ ಇದೆಯಾ ಅಣ್ಣಾ?" ಎಂದು ಮೆಲ್ಲಗೆ ಕೇಳಿದ.

ಆದರೆ ಬಂದವರು ಹಿಂತಿರುಗಲಿಲ್ಲ. ಅನುವಿನ ಮುಖ ನೋಡಿದ ಮೇಲೆ ಹಾಗೇ ಹೋಗುವುದು ಹೇಗೆ? ಐದೂವರೆಯಾಗಿತ್ತು. ವಿಷಯವನ್ನೆಲ್ಲ ಕೇಳಿಕೊಂಡ ರೇವಣಸಿದ್ದಪ್ಪನವರು ಕುರ್ಚಿ ಎಳೆದುಕೊಂಡು, ಕೇಸನ್ನು ತಾವೇ ಕೈಗೆತ್ತಿಕೊಂಡರು.

"ಹೆಸ್ರೇ ತಾನೇ ಹೊಡ್ದಿರೋದು? ಹಂಗಾದ್ರೆ ಸ್ಪೆಲ್ಲಿಂಗ್ ಮಿಸ್ಟೇಕು. ರೆಕಾರ್ಡ್ ತನ್ನಿ."

ರೆಕಾರ್ಡುಗಳು ಬಂದವು. ಸರ್ಕಾರ ಒಬ್ಬ ಮನುಷ್ಯನನ್ನು ಎಷ್ಟು ಬಗೆಯಾಗಿ ಕಾಣಬಲ್ಲದು ಎಂಬುದು ಆಗ ತಿಳಿಯಿತು. ರೇಷನ್ ಕಾರ್ಡಿನಲ್ಲಿ ಅವರ ಬಾಲಕ್ಕೆ ಒಂದು ಎಚ್ ಹೆಚ್ಚು. ಕರೆಂಟ್ ಬಿಲ್ಲಿನಲ್ಲಿ ಆ ಎಚ್ ಮುಂದಕ್ಕೆ ಬಂದು ತ-ದ ಪಕ್ಕ ಕೂತಿತ್ತು. ವೋಟರ್ ಕಾರ್ಡು ಇದ್ದ ಎಚ್ಚುಗಳನ್ನೆಲ್ಲ, ಜೊತೆಗೆ ತ-ಕಾರವನ್ನೂ ಕಿತ್ತುಹಾಕಿ, ಅವರನ್ನು 'ಅನುಮಾನಯ್ಯ' ಮಾಡಿತ್ತು. ಗ್ಯಾಸಿನ ಪುಸ್ತಕದಲ್ಲಿ ಅವರು 'ಹನುಮಂತಮ್ಮ' ಎಂಬ ಹೆಂಗಸು.

ಒಂದೊಂದನ್ನೂ ಹೊಡೆದು ನೋಡಿದರು. ಒಂದೊಂದಕ್ಕೂ ತಪ್ಪು, ತಪ್ಪು. "ಹನುಮಂತಮ್ಮ ಹಾಕಿ ನೋಡು ಮಗಾ" ಎಂದು ನಾರಾಯಣಪ್ಪನವರು ಹೇಳಿದಾಗ ಹನುಮಂತಯ್ಯನವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಆದರೂ ಮಗಳಿಗಾಗಿ ತಾವೇ ಹೊಡೆದರು. ಅದೂ ತಪ್ಪು. ಅವಮಾನದ ನಡುವೆಯೂ ಅಷ್ಟು ಸಮಾಧಾನವಾಯಿತು.

"ಅಪ್ಪಾ, ಇನ್ನ ಕಾಲು ಗಂಟೆ ಅಷ್ಟೆ," ಎಂದಳು ಅನು. ಅವಳು ಅಳುತ್ತಿರಲಿಲ್ಲ. ಅದನ್ನೇ ಹನುಮಂತಯ್ಯನವರಿಗೆ ತಡೆಯಲಾಗಲಿಲ್ಲ. ಸೊಂಟದ ಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟುಬಿಟ್ಟರು. ಅಷ್ಟು ಬೀಗದ ಕೈಗಳಲ್ಲಿ ಒಂದಾದರೂ ಆ ಚೌಕಕ್ಕೆ ಹೊಂದುವಂಥದ್ದು ಇರಲಿಲ್ಲ.

ಆಗ ಬಾಗಿಲಲ್ಲಿ, ಕೈಯಲ್ಲಿ ಸೀಮಂತದ ತಾಂಬೂಲದ ಚೀಲ ಹಿಡಿದು, ಬೋರಮ್ಮ ನಿಂತರು. ನಡುಮನೆ ತುಂಬ ಜನ, ನಡುವೆ ಪೊಲೀಸು, ಪಕ್ಕದಲ್ಲಿ ತಲೆ ತಗ್ಗಿಸಿದ ಗಂಡ. "ಅಯ್ಯೋ! ಇಗೋ ಇವ್ರೇ! ಏನಾಯ್ತು?"

ಮೊದಲು ಬಾಯಿಬಿಟ್ಟವರು ದಾನಮ್ಮ. "ಅಕ್ಕಾರ, ಹಾದಿ ಕಾಯಾಕತ್ತೀವಿ. ಅವತ್ತ ಇದರಾಗ ಯಜಮಾನ್ರ ಹೆಸರು ಹೊಡದೀರೆಲ್ಲ, ಹೆಂಗ ಹೊಡದ್ರಿ? ಬಾಯಿಲೆ ಹೇಳಾಕ ಆಗಂಗಿಲ್ಲಂದ್ರ ಒಡಪು ಕಟ್ಟಿ, ಪದದಾಗ ಹುದುಗಿಸಿ ಹೇಳ್ರಿ, ನಮ್ಮ ಕಡೆ ಹಂಗ ಮಾಡ್ತೀವಿ."

"ಯಾರ ಹೆಸ್ರು?"

"ನಿಮ್ಮ ಗಂಡನ್ದು!"

ಬೋರಮ್ಮ ಎರಡು ಕೆನ್ನೆಗೂ ಬಡಿದುಕೊಂಡರು. "ಶಿವ ಶಿವಾ! ಬಾಯಲ್ಲಿ ಹೇಳ್ದೇ ಇರೋದನ್ನ ಬೆರಳಲ್ಲಿ ಹೇಳ್ತೀನಾ?"

ಎಲ್ಲರೂ ಪರದೆ ಬಿಟ್ಟು ಬೋರಮ್ಮನವರತ್ತ ತಿರುಗಿದರು.

"ಮತ್ತೆ," ಎಂದರು ಹನುಮಂತಯ್ಯನವರು ನಿಧಾನವಾಗಿ, "ನನ್ನ ಹೆಸರು ಹೊಡ್ದೆ ಅಂದ್ಯಲ್ಲೇ?"

"ಹೂಂ, ಹೊಡ್ದೆ. ನಂಗೆ ನಿಮ್ಮೆಸ್ರು ಯಾವ್ದೋ ಅದು."

"ಯಾವ್ದು?"

"ಬಂದಾಗ್ನಿಂದ ಕರೀತಾ ಇಲ್ವಾ? 'ಇಗೋ ಇವ್ರೇ.'"

ರೇವಣಸಿದ್ದಪ್ಪನವರು ಕುರ್ಚಿಯಿಂದೆದ್ದು, ಟೋಪಿ ತೆಗೆದು ಕಂಕುಳಿಗೆ ಸೇರಿಸಿ, ಬೋರಮ್ಮನವರಿಗೆ ಜಾಗ ಬಿಟ್ಟರು. ಬೋರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತು, ತೋರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದರು. 'ಇಗೋ ಇವ್ರೇ.'

ತಪ್ಪು.

ಅನು ಗಡಿಯಾರ ನೋಡಿದಳು. ಬೋರಮ್ಮ ಮಾತ್ರ ಕಂಗೆಡಲಿಲ್ಲ. ತಲೆ ಓರೆ ಮಾಡಿ ಪರದೆಯನ್ನೂ, ಪಕ್ಕದಲ್ಲಿ ನಿಂತ ಗಂಡನನ್ನೂ ನೋಡಿದರು.

"ಇಷ್ಟು ಹತ್ರ ಇದ್ರೆ ಆಗಕಿಲ್ಲ. ಅವತ್ತು ಇವ್ರು ಮೇಲೆ ಟ್ಯಾಂಕ್ ತಾವ ಇದ್ರು. ಬಾಯಲ್ಲಿ ಕೂಗ್ತಾ ಕೂಗ್ತಾ ಹೊಡ್ದೆ. ಇವ್ರು ಓಗೊಡೋ ಗಂಟ ಕೊನೇ ಅಕ್ಷರ ಕುಟ್ತಾನೇ ಇದ್ದೆ. ಅಷ್ಟೊತ್ಗೆ ಗೆರೆ ಹಸುರಾಗಿತ್ತು. ಪಕ್ದಾಗೆ ನಿಂತಿರೋ ಗಂಡಸನ್ನ ಅಷ್ಟುದ್ದಕ್ಕೆ ಹೆಂಗ್ ಕರೀಲಿ? ಬೆರಳು ಏಳಕಿಲ್ಲ."

ಇದು ಶಾಸ್ತ್ರಕ್ಕೆ ಒಪ್ಪುವ ಮಾತೇ ಎಂದು ಯಾರೂ ಚರ್ಚಿಸಲಿಲ್ಲ. ಹೊತ್ತಿರಲಿಲ್ಲ.

"ನಡೀರಿ ಮೇಲಕ್ಕೆ!" ಎಂದು ಪೊಲೀಸ್ ಅಪ್ಪಣೆಯಾಯಿತು.

ಹನುಮಂತಯ್ಯನವರು ಪಂಚೆ ಎತ್ತಿಕಟ್ಟಿ, ದಾನಮ್ಮನ ಹಪ್ಪಳಗಳನ್ನು ಹಾರಿ, ಏದುಸಿರು ಬಿಡುತ್ತ ತಾರಸಿ ಸೇರಿದರು. ಟ್ಯಾಂಕಿನ ಪಕ್ಕ ಅಂದು ನಿಂತಿದ್ದ ಜಾಗದಲ್ಲೇ ನಿಂತರು. ವಾಲ್ವಿನ ಮೇಲೆ ಕೈ ಇಟ್ಟರು, ಅಂದು ಹಾಗೇ ಇತ್ತೆಂದು. ಪಡುವಣದಲ್ಲಿ ಸೂರ್ಯ ಕೆಂಗೇರಿಯ ಕಡೆಗೆ ಇಳಿಯುತ್ತಿದ್ದ. ಇಷ್ಟು ವರ್ಷ ಕೇಳಿಯೂ ಕೇಳದಂತಿದ್ದ ಆ ಕರೆಗೆ ಅವರು ಎಂದೂ ಇಷ್ಟು ಕಿವಿಗೊಟ್ಟು ಕಾದಿರಲಿಲ್ಲ.

"ಇಗೋ ಇವ್ರೇಏಏಏ...!"

ಹನುಮಂತಯ್ಯನವರು ಬೇಗ ಓಗೊಡಬಾರದು, ತಡವೂ ಮಾಡಬಾರದು. ಅಂದು ಎಷ್ಟು ಹೊತ್ತಿಗೆ ಕೊಟ್ಟಿದ್ದರು? ಲೆಕ್ಕ ಹಾಕಲು ಹೋಗಲಿಲ್ಲ. ಎಂದಿನಂತೆ, ಸ್ವಲ್ಪ ಸಿಡುಕಿನಿಂದ, ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

"ಬಂದೇ!"

ಕೆಳಗಿನಿಂದ ಎದ್ದ ಕೇಕೆಗೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು.

ಅವರು ಕೆಳಗಿಳಿದು ಬರುವಷ್ಟರಲ್ಲಿ, ಕಾರ್ಖಾನೆಯ ಹರಾಜಿನಲ್ಲಿ ತಂದಿದ್ದ ಹಳೆಯ ಪ್ರಿಂಟರು ಜೀರುಂಡೆಯಂತೆ ಕಿರುಚುತ್ತ ಹಾಳೆಯನ್ನು ಗೆರೆಗೆರೆಯಾಗಿ ಹೊರಗೆ ತಳ್ಳುತ್ತಿತ್ತು. ಆರು ಹೊಡೆಯಲು ಇನ್ನೂ ಚೂರು ಹೊತ್ತಿತ್ತು. ನಾರಾಯಣಪ್ಪನವರು ಕನ್ನಡಕ ಏರಿಸಿ, ಬರುತ್ತಿದ್ದ ಹಾಳೆಯನ್ನು ಬಗ್ಗಿ ಓದಿ, "ತಂದೆಯ ಹೆಸರಲ್ಲಿ ಎಚ್ ಎರಡಿದಾವಲ್ಲೋ!" ಎಂದರು. ಅದಕ್ಕೆ ಯಾರೂ ಕಿವಿಗೊಡಲಿಲ್ಲ.

ಹನುಮಂತಯ್ಯನವರು ಹಾಳೆಯನ್ನು ಹುಷಾರಾಗಿ ಹರಿದು, ಅಂಚಿನ ತೂತಿನ ಪಟ್ಟಿಗಳನ್ನು ಕಿತ್ತು, ಕೊಟ್ಟ ಮಾತಿನಂತೆ ಹಾಲ್ ಟಿಕೆಟನ್ನು ಅನುವಿನ ಕೈಗೇ ಇಟ್ಟರು.